ಪಾಶ್ಚಾತ್ಯ ಮಾದರಿಯ ಶಿಕ್ಷಣ ಮತ್ತು ನಮ್ಮ ಚಿತ್ರ, ಸಂಗೀತ: ರಾಯಚರ್ಲಿನ ಒಂದು ಅಭ್ಯಾಸ ಪಾಠ

ಇಂಟರ್ನ್‌ಶಿಪ್ ಅವಧಿಯಲ್ಲಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಪಾವಗಡ ತಾಲ್ಲೂಕಿನ ರಾಯಚರ್ಲು ಭಾಗದ ಒಂದು ಪ್ರೌಢಶಾಲೆಯಲ್ಲಿ ಒಂಬತ್ತನೆಯ ತರಗತಿಗೆ ನಾನು ನಡೆಸಿದ ಪಾಠವೊಂದರ ಅನುಭವವನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ. ಸಮಾಜ ವಿಜ್ಞಾನದಲ್ಲಿ ಬರುವ ಮೈಸೂರು ಒಡೆಯರ ಕಾಲದ ಸಾಂಸ್ಕೃತಿಕ ಬೆಳವಣಿಗೆಗೆ ಪೂರಕವಾಗಿ, ಪಾಶ್ಚಾತ್ಯ ಮಾದರಿಯ ಶಿಕ್ಷಣವು ನಮ್ಮ ಚಿತ್ರಕಲೆ ಮತ್ತು ಸಂಗೀತದ ಮೇಲೆ ಬೀರಿದ ಪ್ರಭಾವವನ್ನು ಕಲಿಸುವುದು ಪಾಠದ ವಿಷಯವಾಗಿತ್ತು. ಎರಡು ಅವಧಿಗೆಂದು ಯೋಜಿಸಿದ್ದು ಮೂರು ಅವಧಿಗೆ ಬೆಳೆಯಿತು. ಮೊದಲ ಅವಧಿಯಲ್ಲಿ ನಾನು ಮಾಡಿದ ಒಂದು ತಪ್ಪು ಅದಕ್ಕೆ ಕಾರಣ. ಆ ತಪ್ಪು ಏನು, ಅದನ್ನು ತಿದ್ದಿಕೊಳ್ಳಲು ಏನು ಓದಬೇಕಾಯಿತು, ಪಾಠಯೋಜನೆ ಹೇಗೆ ಬದಲಾಯಿತು ಎಂಬುದನ್ನು ಕ್ರಮವಾಗಿ ಬರೆಯುತ್ತೇನೆ. ಸಹಪ್ರಶಿಕ್ಷಣಾರ್ಥಿಗಳಿಗೆ ಇದರಿಂದ ಉಪಯೋಗವಾದರೆ ಸಂತೋಷ.

ಪಾಠದ ಹಿನ್ನೆಲೆ

ಪಾವಗಡ ಗಡಿ ತಾಲ್ಲೂಕು. ನನ್ನ ತರಗತಿಯ ಹೆಚ್ಚಿನ ಮಕ್ಕಳು ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಮಾತನಾಡುವವರು. ಊರ ಸುತ್ತ ಸೋಲಾರ್ ಪಾರ್ಕ್ ಇದೆ. ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚರ್ಲು, ರಾಯಚರ್ಲು ಈ ಐದು ಊರುಗಳ ಸುಮಾರು 13,000 ಎಕರೆ ಜಮೀನನ್ನು ರೈತರಿಂದ ಗುತ್ತಿಗೆಗೆ ಪಡೆದು ನಿರ್ಮಿಸಿದ 2,050 ಮೆಗಾವಾಟ್ ಸಾಮರ್ಥ್ಯದ ಪಾರ್ಕು ಅದು. ಮಕ್ಕಳು ಶಾಲೆಗೆ ಬರುವ ದಾರಿಯಲ್ಲೇ ನೀಲಿ ಪ್ಲೇಟುಗಳ ಸಾಲುಗಳು ಕಾಣುತ್ತವೆ. ಶಾಲೆಯಲ್ಲಿ ಚಿತ್ರಕಲಾ ಶಿಕ್ಷಕರಾಗಲಿ ಸಂಗೀತ ಶಿಕ್ಷಕರಾಗಲಿ ಇರಲಿಲ್ಲ. ಆದರೂ ಒಂದಿಬ್ಬರು ಮಕ್ಕಳು ಲೋಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆ ಕಟ್ಟುವ ಆಸೆ ಇಟ್ಟುಕೊಂಡಿದ್ದರು. ಕೆಲವರು ಊರಿನ ಭಜನೆಯಲ್ಲಿ ಹಾಡುವವರು.

ಮೊದಲ ಯೋಜನೆಯಲ್ಲಿ ನಾನು ಬರೆದಿದ್ದ ಉದ್ದೇಶಗಳು ಇವು:

1. ವಿದ್ಯಾರ್ಥಿಗಳು ಮೈಸೂರು ಸಂಸ್ಥಾನದಲ್ಲಿ ಚಿತ್ರಕಲೆ ಮತ್ತು ಸಂಗೀತಕ್ಕೆ ದೊರೆತ ಆಶ್ರಯವನ್ನು ವಿವರಿಸುವರು.
2. ಯಥಾದರ್ಶನ ತತ್ತ್ವವನ್ನು ಒಂದು ಚಿತ್ರದಲ್ಲಿ ಅನ್ವಯಿಸುವರು.
3. ಪಾಶ್ಚಾತ್ಯ ಶಿಕ್ಷಣದಿಂದ ನಮ್ಮ ಕಲೆಗಳಲ್ಲಿ ಆದ ಪ್ರಗತಿಯನ್ನು ಪ್ರಶಂಸಿಸುವರು.

ಮೂರನೆಯ ಉದ್ದೇಶದಲ್ಲೇ ದೋಷವಿತ್ತು. ‘ಪ್ರಗತಿ’ ಎಂದು ಬರೆಯುವಾಗ ನಾನು ತೀರ್ಪು ಮೊದಲೇ ಕೊಟ್ಟುಬಿಟ್ಟಿದ್ದೆ. ಯೋಜನೆಗೆ ಸಹಿ ಹಾಕಿಸಿಕೊಳ್ಳುವಾಗ ಅದು ನನ್ನ ಗಮನಕ್ಕೆ ಬರಲಿಲ್ಲ.

ಮೊದಲ ಅವಧಿ: ಸೋಲಾರ್ ಸಾಲುಗಳು

5ಇ ಮಾದರಿಯಂತೆ ತೊಡಗಿಸಿಕೊಳ್ಳುವ ಹಂತಕ್ಕೆ ಮಕ್ಕಳನ್ನು ಶಾಲೆಯ ಹೊರಗೆ, ರಸ್ತೆ ಬದಿಗೆ ಕರೆದೊಯ್ದೆ. ಎರಡು ಸಾಲುಗಳ ನಡುವಿನ ಓಣಿಯನ್ನು ಬೇಲಿಯಾಚೆಯಿಂದಲೇ ತೋರಿಸಿ ಕೇಳಿದೆ:

“ಈ ಎರಡು ಸಾಲು ದೂರ ಹೋಗ್ತಾ ಹೋಗ್ತಾ ಹೆಂಗೆ ಕಾಣ್ತವೆ?”

“ಹತ್ರ ಹತ್ರ ಬರ್ತವೆ ಸಾರ್.”

“ಪ್ಲೇಟುಗಳು?”

“ಚಿಕ್ಕವಾಗ್ತವೆ ಸಾರ್.”

ಇದಕ್ಕಿಂತ ಒಳ್ಳೆಯ ಬೋಧನೋಪಕರಣ ಯಾವ ಚಾರ್ಟಿನಲ್ಲೂ ಸಿಗಲಾರದು ಎನಿಸಿತು. ಸಮಾನಾಂತರ ಗೆರೆಗಳು ದೂರದ ಒಂದು ಬಿಂದುವಿನಲ್ಲಿ ಕೂಡಿದಂತೆ ಕಾಣುವುದು, ಆ ಬಿಂದು ನೋಡುವವನ ಕಣ್ಣಿನ ಮಟ್ಟದಲ್ಲಿರುವುದು, ದೂರದ ವಸ್ತು ಚಿಕ್ಕದಾಗಿ ಕಾಣುವುದು, ಇವನ್ನೇ ಚಿತ್ರಕಲೆಯಲ್ಲಿ ಯಥಾದರ್ಶನ ಎನ್ನುತ್ತಾರೆ. ಡ್ರಾಯಿಂಗ್ ಮೇಷ್ಟ್ರುಗಳ ಬಾಯಲ್ಲಿ ಅದು ಪರ್ಸ್‌ಪೆಕ್ಟಿವ್. ಇಷ್ಟನ್ನು ವಿವರಿಸಿ ತರಗತಿಗೆ ಮರಳಿ, ಸೋಲಾರ್ ಪಾರ್ಕಿನ ಚಿತ್ರ ಬರೆಯಲು ಹೇಳಿದೆ.

ಹೆಚ್ಚಿನವರು ಗೆರೆಗಳನ್ನು ಒಂದೆಡೆ ಕೂಡಿಸಿದರು. ಒಬ್ಬ ಹುಡುಗಿ ಮಾತ್ರ ಹಾಗೆ ಬರೆಯಲಿಲ್ಲ. ಹಾಳೆಯ ತುಂಬ ಒಂದರ ಕೆಳಗೊಂದು ಸಾಲು, ಎಲ್ಲ ಪ್ಲೇಟೂ ಒಂದೇ ಅಳತೆ. ನಡುವೆ ಒಂದು ಹುಣಸೆಮರ ಮಾತ್ರ ಪ್ಲೇಟುಗಳಿಗಿಂತ ಬಹಳ ದೊಡ್ಡದು. ಮರ ನೆಟ್ಟಗೆ ನಿಂತಿದೆ, ಸಾಲುಗಳು ಮೇಲಿನಿಂದ ನೋಡಿದಂತಿವೆ. ನಾನು ಕೆಂಪು ಪೆನ್ನಿನಿಂದ ತಪ್ಪು ಗುರುತು ಹಾಕಿ, ಪಕ್ಕದ ಹುಡುಗಿಯ ಹಾಳೆ ತೋರಿಸಿ, “ಹಿಂಗೆ ಬರಬೇಕು ನೋಡಮ್ಮ” ಎಂದೆ.

ಅವಳು ಮೆಲ್ಲಗೆ ಹೇಳಿದಳು: “ಪ್ಲೇಟು ಎಲ್ಲ ಒಂದೇ ಸೈಜಲ್ವಾ ಸಾರ್? ನಮ್ಮಪ್ಪನ ಹೊಲ ದೂರ ಐತೆ. ಅದನ್ನ ಯಾಕೆ ಚಿಕ್ಕದು ಮಾಡಬೇಕು?”

ಅವಧಿ ಮುಗಿಯಲು ಐದೇ ನಿಮಿಷವಿತ್ತು. “ಕಣ್ಣಿಗೆ ಹಂಗೆ ಕಾಣುತ್ತೆ, ಅದಕ್ಕೆ” ಎಂದು ಹೇಳಿ ಮುಂದಿನ ಹಾಳೆಗೆ ಹೋದೆ.

ಪಾಠ ವೀಕ್ಷಿಸುತ್ತಿದ್ದ ಮಾರ್ಗದರ್ಶಕ ಶಿಕ್ಷಕರು ಟೀಕಾ ಪುಸ್ತಕದಲ್ಲಿ ಪೀಠಿಕೆ ಚೆನ್ನಾಗಿತ್ತೆಂದು ಬರೆದರು. ಹೊರಗೆ ಬಂದಮೇಲೆ ಒಂದು ಮಾತು ಕೇಳಿದರು: “ಆ ಹುಡುಗಿ ಪ್ರಶ್ನೆಗೆ ನೀವು ಉತ್ತರ ಹೇಳಲಿಲ್ಲ. ಅವಳು ಬರೆದದ್ದು ತಪ್ಪಾದರೆ ನಮ್ಮ ಹಳೆಯ ಮೈಸೂರು ಚಿತ್ರಗಳೆಲ್ಲ ತಪ್ಪೇ?”

ನನ್ನಲ್ಲಿ ಉತ್ತರವಿರಲಿಲ್ಲ. ಆ ವಾರ ನಾನು ಓದಿ ಟಿಪ್ಪಣಿ ಮಾಡಿಕೊಂಡದ್ದರ ಸಾರಾಂಶವನ್ನು ಮುಂದೆ ಕೊಟ್ಟಿದ್ದೇನೆ. ಇದೇ ವಿಷಯ ಬೋಧಿಸುವವರು ಇದನ್ನು ವಿಷಯ ಟಿಪ್ಪಣಿಯಾಗಿ ಬಳಸಿಕೊಳ್ಳಬಹುದು.

ವಿಷಯ ಟಿಪ್ಪಣಿ 1: ಚಿತ್ರಕಲೆ

ಮೈಸೂರು ಸಾಂಪ್ರದಾಯಿಕ ಚಿತ್ರಕಲೆ ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) ಕಾಲದಲ್ಲಿ ಉಚ್ಛ್ರಾಯಕ್ಕೆ ಬಂತು. ಅವರ ಆಶ್ರಯದಲ್ಲಿ ಸಿದ್ಧವಾದ ‘ಶ್ರೀತತ್ತ್ವನಿಧಿ’ಯಲ್ಲಿ ದೇವತೆಗಳ ರೂಪಲಕ್ಷಣಗಳು ಚಿತ್ರಸಹಿತವಾಗಿ ಇವೆ. ಈ ಪದ್ಧತಿಯಲ್ಲಿ ಹುಣಸೆಕಡ್ಡಿ ಸುಟ್ಟು ಮಾಡಿದ ಇದ್ದಲಿನಿಂದ ಮೊದಲ ರೇಖೆ ಎಳೆಯುತ್ತಿದ್ದರು. ಅಳಿಲಿನ ಕೂದಲಿನ ಕುಂಚ, ಗಿಡ, ಎಲೆ, ಕಲ್ಲುಗಳಿಂದ ತೆಗೆದ ಬಣ್ಣ, ಬಿಳಿಪುಡಿಗೆ ಗೋಂದು ಕೂಡಿಸಿ ಮಾಡಿದ ಸಣ್ಣ ಉಬ್ಬುಕೆಲಸ, ಅದರ ಮೇಲೆ ಚಿನ್ನದ ರೇಕು ಇದರ ವೈಶಿಷ್ಟ್ಯ. ಇಲ್ಲಿ ದೇವರು ದೊಡ್ಡವನು, ಭಕ್ತ ಚಿಕ್ಕವನು. ಗಾತ್ರವನ್ನು ನಿರ್ಧರಿಸುವುದು ಮಹತ್ವ. ದೂರಕ್ಕೂ ಗಾತ್ರಕ್ಕೂ ಸಂಬಂಧವಿಲ್ಲ. ಮಗ ತಂದೆಯ ಪಕ್ಕದಲ್ಲಿ, ಶಿಷ್ಯ ಗುರುವಿನ ಪಕ್ಕದಲ್ಲಿ ಕುಳಿತು ಕಲಿಯುತ್ತಿದ್ದ ವಿದ್ಯೆ ಅದು.

ಬ್ರಿಟಿಷರು ತೆರೆದ ಕಲಾಶಾಲೆಗಳ ಕ್ರಮ ಬೇರೆ. ಮದರಾಸಿನ ಶಾಲೆಯನ್ನು 1850ರಲ್ಲಿ ಅಲೆಕ್ಸಾಂಡರ್ ಹಂಟರ್ ಎಂಬ ವೈದ್ಯರು ಆರಂಭಿಸಿದರು. ಕಲ್ಕತ್ತೆಯದು 1854ರಲ್ಲಿ, ಮುಂಬಯಿಯ ಜೆ.ಜೆ. ಶಾಲೆ 1857ರಲ್ಲಿ ಆರಂಭವಾದವು. ನಕ್ಷೆ ತೆಗೆಯುವವರು, ಮಾದರಿ ಬರೆಯುವವರು, ಕೈಗಾರಿಕೆಗೆ ವಿನ್ಯಾಸ ಮಾಡುವವರು ಸರ್ಕಾರಕ್ಕೆ ಬೇಕಿದ್ದರು. ಹಾಗಾಗಿ ಕೈಬರಹದ ರೇಖೆ, ಜ್ಯಾಮಿತೀಯ ಚಿತ್ರ, ಯುರೋಪಿನ ಪ್ರತಿಮೆಗಳ ಪ್ಲಾಸ್ಟರ್ ಅಚ್ಚುಗಳನ್ನು ನೋಡಿ ನೆರಳು–ಬೆಳಕು ಹಾಕುವುದು ಪಾಠಕ್ರಮವಾಯಿತು. ಮೈಸೂರಿನಲ್ಲಿ 1906ರಲ್ಲಿ ಶಂಕುಸ್ಥಾಪನೆಯಾದ ಕಟ್ಟಡದಲ್ಲಿ ನೆಲೆಸಿದ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯ ಹೆಸರೂ ಇದನ್ನೇ ಹೇಳುತ್ತದೆ. ಚಿತ್ರಕಲೆ ಅಲ್ಲಿ ಮರಗೆಲಸ ಮುಂತಾದ ಕುಶಲ ವಿದ್ಯೆಗಳ ಜೊತೆಗಿತ್ತು. ಇಂದಿಗೂ ನಮ್ಮ ಡ್ರಾಯಿಂಗ್ ಪರೀಕ್ಷೆಯಲ್ಲಿ ವಸ್ತುಚಿತ್ರ, ವಿನ್ಯಾಸ ಎಂಬ ವಿಭಾಗಗಳಿರುವುದು ಆ ಪಾಠಕ್ರಮದ ಗುರುತು.

ಇದೇ ಹೊತ್ತಿಗೆ ರಾಜಾ ರವಿವರ್ಮರ ತೈಲಚಿತ್ರಗಳು ಮೈಸೂರು ಅರಮನೆಗೆ ಬಂದವು. ಇಂದು ಅವನ್ನು ಜಗನ್ಮೋಹನ ಅರಮನೆಯ ಸಂಗ್ರಹದಲ್ಲಿ ಕಾಣಬಹುದು. ರವಿವರ್ಮರು ಯಾವ ಕಲಾಶಾಲೆಯಲ್ಲೂ ಓದಿದವರಲ್ಲ. ಆದರೆ ಶಾಲೆಗಳು ಕಲಿಸುತ್ತಿದ್ದ ನೆರಳು–ಬೆಳಕು, ಮೈಮಾಟ, ದೂರದ ಬೆಟ್ಟಗಳೆಲ್ಲ ಅವರ ಚಿತ್ರಗಳಲ್ಲಿದ್ದವು. ಅವರ ಅಚ್ಚುಕೂಟದಿಂದ ಹೊರಟ ದೇವರ ಪಟಗಳು ಹಳ್ಳಿ ಹಳ್ಳಿಯ ಗೋಡೆಗೆ ಬಂದವು. ಪಾವಗಡದ ಶನಿಮಹಾತ್ಮ ದೇವಸ್ಥಾನದ ಬೀದಿಯಲ್ಲಿ ಕಾಣುವ ಪಟಗಳಲ್ಲೂ ಇದರ ಮುಂದುವರಿಕೆ ಇದೆ. ಮುಖಕ್ಕೆ ನೆರಳು–ಬೆಳಕು ತೈಲಚಿತ್ರದ್ದು, ನೆಟ್ಟಗೆ ನಮ್ಮನ್ನೇ ನೋಡುವ ಭಂಗಿ ಹಳೆಯ ಪದ್ಧತಿಯದು.

ಈ ಕಥೆಯ ತಿರುವು ಕಲ್ಕತ್ತೆಯಲ್ಲಿದೆ. 1896ರಲ್ಲಿ ಅಲ್ಲಿನ ಶಾಲೆಯ ಮುಖ್ಯಸ್ಥರಾದ ಇ.ಬಿ. ಹ್ಯಾವೆಲ್ ಯುರೋಪಿನ ಚಿತ್ರಗಳನ್ನು ಬದಿಗಿಟ್ಟು ಮೊಗಲ್ ಚಿತ್ರಗಳನ್ನು ಪಾಠದ ಮಾದರಿಯಾಗಿ ತಂದರು. ಅದಕ್ಕೆ ವಿರೋಧ ಬಂದದ್ದು ಭಾರತೀಯ ವಿದ್ಯಾರ್ಥಿಗಳಿಂದಲೇ. ತಮಗೆ ಕೊಡಬೇಕಾದ ಒಳ್ಳೆಯ ಶಿಕ್ಷಣವನ್ನು ಕಸಿದುಕೊಳ್ಳುತ್ತಿದ್ದಾರೆ ಎಂದು ಅವರು ಭಾವಿಸಿದರು. ಹ್ಯಾವೆಲ್ ಜೊತೆಗೂಡಿದವರು ಅವನೀಂದ್ರನಾಥ ಠಾಕೂರರು. ಅವರ ಬಳಿ ನಂದಲಾಲ ಬೋಸರ ಜೊತೆ ಕಲಿತವರಲ್ಲಿ ನಮ್ಮ ಕೆ. ವೆಂಕಟಪ್ಪ (1886–1965) ಒಬ್ಬರು. ಮೈಸೂರಿನ ಅರಮನೆ ಚಿತ್ರಕಾರರ ಮನೆತನದಲ್ಲಿ ಹುಟ್ಟಿದ ವೆಂಕಟಪ್ಪನವರನ್ನು ನಾಲ್ವಡಿ ಕೃಷ್ಣರಾಜ ಒಡೆಯರು ಕಲ್ಕತ್ತೆಗೆ ಕಳಿಸಿದ್ದರು.

ಇಲ್ಲಿ ಒಂದು ಸುತ್ತು ಪೂರ್ಣವಾಗುತ್ತದೆ. ಮೊಗಲ್ ಚಿತ್ರಕಲೆಯ ಬೇರು ಪರ್ಷಿಯಾದಲ್ಲಿದೆ. 16ನೆಯ ಶತಮಾನದಲ್ಲಿ ಹುಮಾಯೂನನು ಮೀರ್ ಸಯ್ಯದ್ ಅಲಿ, ಅಬ್ದುಸ್ ಸಮದ್ ಎಂಬ ಪರ್ಷಿಯನ್ ಚಿತ್ರಕಾರರನ್ನು ಕರೆತಂದ. ನಮ್ಮ ಶೈಕ್ಷಣಿಕ ಜಿಲ್ಲೆಯ ಸಿರಾ 1687ರ ನಂತರ ಮೊಗಲರ ಸುಬಾ ಆಗಿತ್ತು. ಅದಕ್ಕೂ ಮೊದಲು ಬಿಜಾಪುರದವರದು. ಅಲ್ಲಿನ ಮಲಿಕ್ ರಿಹಾನ್ ಗೋರಿ 1651ರದು. ಕಾಗದ, ಜಮೀನು, ತಹಶೀಲ್ದಾರ್, ಜಮಾಬಂದಿ, ಶಹನಾಯಿ ಎಂಬ ಮಾತುಗಳು ನಮಗೆ ಬಂದದ್ದೂ ಪರ್ಷಿಯನ್ ಭಾಷೆಯ ದಾರಿಯಿಂದ. ಆ ಪರ್ಷಿಯನ್ ಬೇರಿನ ಚಿತ್ರಕ್ರಮವನ್ನು ಮೈಸೂರಿನ ಒಬ್ಬ ಯುವಕ ಕಲ್ಕತ್ತೆಯಲ್ಲಿ, ಇಂಗ್ಲಿಷ್ ಪ್ರಾಂಶುಪಾಲರೊಬ್ಬರು ಬದಲಿಸಿದ ಪಾಠಕ್ರಮದಲ್ಲಿ ಕಲಿತು ಬಂದರು.

ವಿಷಯ ಟಿಪ್ಪಣಿ 2: ತೆಹ್ರಾನಿನ ಸಮಾಂತರ ಕಥೆ

ಅದೇ ಕಾಲದಲ್ಲಿ ಪರ್ಷಿಯಾದಲ್ಲೇ ಏನಾಗುತ್ತಿತ್ತು? ತೆಹ್ರಾನಿನಲ್ಲಿ 1851ರಲ್ಲಿ ‘ದಾರುಲ್ ಫುನೂನ್’ ಎಂಬ ಹೊಸ ಮಾದರಿಯ ವಿದ್ಯಾಸಂಸ್ಥೆ ಆರಂಭವಾಯಿತು. ಸೇನೆಗೆ, ಎಂಜಿನಿಯರಿಂಗಿಗೆ ಜನ ತಯಾರಾಗಬೇಕೆಂಬುದು ಅದರ ಗುರಿ. ಅಲ್ಲಿಗೂ ಚಿತ್ರ, ಸಂಗೀತ ಬಂದದ್ದು ಈ ಅಗತ್ಯದ ಬೆನ್ನಿಗೇ. 1868ರಲ್ಲಿ ಫ್ರಾನ್ಸಿನ ಲೆಮೇರ್ ಎಂಬ ಬ್ಯಾಂಡ್ ಮಾಸ್ಟರ್ ಬಂದು ಸೇನಾ ವಾದ್ಯಗಾರರಿಗೆ ಸ್ವರಲಿಪಿ, ಯುರೋಪಿನ ವಾದ್ಯಗಳನ್ನು ಕಲಿಸಿದರು.

ಚಿತ್ರಕಲೆಯಲ್ಲಿ ದೊಡ್ಡ ಹೆಸರು ಕಮಾಲುಲ್ ಮುಲ್ಕ್. ಗುಲಿಸ್ತಾನ್ ಅರಮನೆಯ ಕನ್ನಡಿ ಸಭಾಂಗಣವನ್ನು ಅವರು ವರ್ಷಗಟ್ಟಲೆ ಕುಳಿತು ತೈಲವರ್ಣದಲ್ಲಿ ಬರೆದರು. ಸಾವಿರಾರು ಕನ್ನಡಿ ಚೂರುಗಳು, ಎಲ್ಲವೂ ಯಥಾದರ್ಶನದ ಲೆಕ್ಕಕ್ಕೆ ತಪ್ಪದಂತೆ. ಮುಂದೆ ಯುರೋಪಿಗೆ ಹೋಗಿ ಹಳೆಯ ಗುರುಗಳ ಚಿತ್ರಗಳನ್ನು ನಕಲು ಮಾಡುತ್ತ ಕಲಿತು ಬಂದರು. 1911ರಲ್ಲಿ ತೆಹ್ರಾನಿನಲ್ಲಿ ಅವರು ಕಲಾಶಾಲೆ ತೆರೆದರು. ಒಂದು ಪೀಳಿಗೆಯ ಚಿತ್ರಕಾರರು ಅಲ್ಲಿ ತಯಾರಾದರು. ಪರ್ಷಿಯನ್ ಕಿರುಚಿತ್ರ ಪರಂಪರೆಯಲ್ಲಾದರೋ ದೂರದ ಮನುಷ್ಯನೂ ಹತ್ತಿರದವನೂ ಒಂದೇ ಗಾತ್ರ. ಕೋಟೆಯ ಹೊರಗೋಡೆ, ಒಳಕೋಣೆ, ತೋಟ ಎಲ್ಲವೂ ಒಟ್ಟಿಗೆ ಕಾಣುತ್ತವೆ. ಆ ವಿದ್ಯೆ ಹಿಂದೆ ಸರಿಯಿತು. 1930ರ ಸುಮಾರಿಗೆ ಹಳೆಯ ಕಲೆಗಳಿಗೆಂದೇ ತೆಹ್ರಾನಿನಲ್ಲಿ ಇನ್ನೊಂದು ಶಾಲೆ ತೆರೆಯಬೇಕಾಯಿತು. ತಂದೆಯಿಂದ ಮಗನಿಗೆ ಬರುತ್ತಿದ್ದ ವಿದ್ಯೆಗೂ ಹಾಜರಿ, ತರಗತಿ, ಪಾಠಕ್ರಮ ಬಂತು.

ಎರಡೂ ಕಡೆ ಒಂದೇ ಕ್ರಮ ಕಾಣುತ್ತದೆ. ರಾಜ್ಯದ ಅಗತ್ಯಕ್ಕೆ ಹೊಸ ಶಾಲೆ ಬರುತ್ತದೆ. ಶಾಲೆಯ ಅಳತೆಗೆ ಸಿಗುವುದು ‘ಸರಿ’ಯಾಗುತ್ತದೆ, ಸಿಗದ್ದು ‘ತಪ್ಪು’ ಇಲ್ಲವೇ ‘ಹಳೆಯದು’ ಆಗುತ್ತದೆ. ಒಂದು ಪೀಳಿಗೆಯ ನಂತರ ಕಳೆದದ್ದನ್ನು ಹುಡುಕುವ ಕೆಲಸವೂ ಶಾಲೆಯ ಪಾಲಿಗೇ ಬರುತ್ತದೆ.

ಎರಡನೆಯ ಅವಧಿ: ಎರಡು ನಿಯಮ

ಈ ಓದಿನ ನಂತರ ಮೂರನೆಯ ಉದ್ದೇಶವನ್ನು ಹೊಡೆದುಹಾಕಿ ಹೀಗೆ ಬರೆದೆ: “ಒಂದು ಚಿತ್ರ ಅಥವಾ ಹಾಡು ಯಾವ ನಿಯಮವನ್ನು ಅನುಸರಿಸಿದೆ ಎಂಬುದನ್ನು ಗುರುತಿಸಿ, ಆ ನಿಯಮದಿಂದ ಏನು ಸಿಗುತ್ತದೆ, ಏನು ಬಿಟ್ಟುಹೋಗುತ್ತದೆ ಎಂಬುದನ್ನು ವಿವರಿಸುವರು.”

ಎರಡನೆಯ ಅವಧಿಗೆ ಆ ಹುಡುಗಿಯ ಚಿತ್ರದಿಂದಲೇ ಪ್ರಾರಂಭಿಸಬೇಕೆಂದುಕೊಂಡಿದ್ದೆ. ಹಾಳೆ ಕೊಡು ಎಂದಾಗ ಅವಳು ಬೇರೆಯೇ ಚಿತ್ರ ತಂದಳು. ಮೊದಲಿನದನ್ನು ರಬ್ಬರಿನಿಂದ ಪೂರ್ತಿ ಅಳಿಸಿ, ಅದೇ ಹಾಳೆಯ ಮೇಲೆ ಪಕ್ಕದವಳ ಚಿತ್ರವನ್ನು ನೋಡಿ ಬರೆದಿದ್ದಳು. ಗೆರೆಗಳು ಕೂಡಿದ್ದವು. ಹುಣಸೆಮರ ಇರಲಿಲ್ಲ. ನನ್ನ ಕೆಂಪು ಗುರುತು ಮಾತ್ರ ಅಳಿಸದೆ ಉಳಿದಿತ್ತು.

ಮೊದಲಿನ ಚಿತ್ರವನ್ನು ನೆನಪಿನಿಂದ ಕಪ್ಪುಹಲಗೆಯ ಮೇಲೆ ನಾನೇ ಬರೆದೆ. “ಹೋದ ಸಲ ಇದನ್ನ ತಪ್ಪು ಅಂದಿದ್ದೆ. ತಪ್ಪು ನನ್ನದು. ಈ ಚಿತ್ರಕ್ಕೂ ಒಂದು ನಿಯಮ ಇದೆ. ಏನದು, ಯಾರು ಹೇಳ್ತೀರಿ?” ಎಂದು ಕೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ ಒಬ್ಬ ಹೇಳಿದ: “ಇರೋದು ಇರೋ ಹಂಗೆ ಐತೆ ಸಾರ್. ಕಾಣೋ ಹಂಗಿಲ್ಲ.” ಇನ್ನೊಬ್ಬಳು ಸೇರಿಸಿದಳು: “ಮರ ಅವರಿಗೆ ಮುಖ್ಯ, ಅದಕ್ಕೆ ದೊಡ್ಡದು.” ವಿಷಯ ಟಿಪ್ಪಣಿಯಲ್ಲಿ ನಾನು ಪುಟಗಟ್ಟಲೆ ಬರೆದುಕೊಂಡದ್ದನ್ನು ಮಕ್ಕಳು ಎರಡು ಸಾಲಿನಲ್ಲಿ ಹೇಳಿಬಿಟ್ಟರು.

ಹಲಗೆಯನ್ನು ಎರಡು ಭಾಗ ಮಾಡಿದೆ. ಒಂದೆಡೆ ‘ಕಣ್ಣಿಗೆ ಕಂಡಂತೆ’, ಇನ್ನೊಂದೆಡೆ ‘ತಿಳಿದಂತೆ’. ಮೊದಲನೆಯದರಿಂದ ಏನು ಸಿಗುತ್ತದೆ? ನೋಡುವವನು ನಿಂತ ಜಾಗ, ಆಳ, ದೂರ ಗೊತ್ತಾಗುತ್ತದೆ. ಎರಡನೆಯದರಿಂದ? ಎಷ್ಟು ಸಾಲಿವೆ ಎಂದು ಎಣಿಸಬಹುದು, ಯಾವುದೂ ಯಾವುದರ ಹಿಂದೆ ಮುಚ್ಚಿಹೋಗುವುದಿಲ್ಲ, ಮುಖ್ಯವಾದುದು ದೊಡ್ಡದಾಗಿರುತ್ತದೆ. ಮೈಸೂರು ಶೈಲಿಯ ಒಂದು ಪಟದ ಬಣ್ಣದ ಪ್ರತಿ, ರವಿವರ್ಮರ ಒಂದು ಚಿತ್ರದ ಪ್ರತಿ, ಒಂದು ಪರ್ಷಿಯನ್ ಕಿರುಚಿತ್ರದ ಪ್ರತಿಗಳನ್ನು ಗುಂಪುಗಳಿಗೆ ಹಂಚಿ, ಯಾವುದು ಯಾವ ಭಾಗಕ್ಕೆ ಸೇರುತ್ತದೆ ಎಂದು ಕೇಳಿದೆ. ಮನೆಯ ದೇವರ ಪಟಗಳ ಬಗ್ಗೆ ಕೇಳಿದಾಗ, ಎರಡಕ್ಕೂ ಸೇರುತ್ತವೆ ಎಂದರು. ಸರಿಯಾದ ಉತ್ತರ.

ಅನ್ವೇಷಣೆ ಹಂತಕ್ಕೆ ಹುಣಸೆಕಡ್ಡಿ ಇದ್ದಲು ಮಾಡಿದೆವು. ನಮ್ಮ ಭಾಗದಲ್ಲಿ ಹುಣಸೆಗೆ ಬರವಿಲ್ಲ. ಬೆರಳುದ್ದದ ಒಣಕಡ್ಡಿಗಳನ್ನು ತಗಡಿನ ಡಬ್ಬಿಯಲ್ಲಿ ಗಾಳಿಯಾಡದಂತೆ ಮುಚ್ಚಿ, ಬಿಸಿಯೂಟದ ಒಲೆಯ ಕೆಂಡದಲ್ಲಿ ಅಡುಗೆಯವರ ನೆರವಿನಿಂದ ಇಟ್ಟೆವು. ಕೆಲವು ಬೂದಿಯಾದವು, ಕೆಲವು ಚೆನ್ನಾಗಿ ಬಂದವು. ಅದರಿಂದ ಎಳೆದ ರೇಖೆ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ. ಮೊದಲ ರೂಪರೇಖೆಗೆ ಅದು ಯಾಕೆ ಬೇಕಾಗಿತ್ತೆಂಬುದು ಮಕ್ಕಳಿಗೆ ಕೈಯಿಂದಲೇ ತಿಳಿಯಿತು.

ವಿಷಯ ಟಿಪ್ಪಣಿ 3: ಸಂಗೀತ

ಮೈಸೂರು ಅರಮನೆಯಲ್ಲಿ ಯುರೋಪಿಯನ್ ವಾದ್ಯಗಳ ಬ್ಯಾಂಡ್ ಇತ್ತು. ಜೊತೆಗೆ ಕರ್ನಾಟಕ ಸಂಗೀತ ನುಡಿಸುವ ಬ್ಯಾಂಡೂ ಇತ್ತು. ನಾಲ್ವಡಿಯವರ ಕಾಲದಲ್ಲಿ ಓಟ್ಟೊ ಷ್ಮಿಟ್ ಎಂಬ ಜರ್ಮನ್ ಬ್ಯಾಂಡ್ ಮಾಸ್ಟರ್ ಅದನ್ನು ನಡೆಸಿದರು. ತೆಹ್ರಾನಿನ ಲೆಮೇರ್ ಜೊತೆ ಹೋಲಿಸಿ ಹೇಳಲು ಇದು ಅನುಕೂಲ.

ಹಾರ್ಮೋನಿಯಂನಂಥ ಕೀಲಿಮಣೆಯ ವಾದ್ಯಗಳಲ್ಲಿ ಸ್ವರಗಳು ಮೊದಲೇ ನಿಗದಿಯಾಗಿರುತ್ತವೆ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವಂತಿಲ್ಲ, ತೂಗುವಂತಿಲ್ಲ. ನಮ್ಮ ಸಂಗೀತಕ್ಕೆ ಜೀವವಾದ ಗಮಕ ಇರುವುದು ಆ ಜಾರುವಿಕೆಯಲ್ಲಿ. ಪ್ಯಾರಿಸ್ಸಿನಲ್ಲಿ ರೂಪುಗೊಂಡ ಹಾರ್ಮೋನಿಯಂ ಕಲ್ಕತ್ತೆಯಲ್ಲಿ ಕೈತಿದಿ ಪಡೆದು ನೆಲದ ಮೇಲೆ ಕುಳಿತು ನುಡಿಸುವ ವಾದ್ಯವಾಯಿತು, ಹಳ್ಳಿಯ ಭಜನೆಗೂ ಬಂತು. ಈ ಕೊರತೆಯ ಕಾರಣಕ್ಕೇ ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಂಗೆ ನಿಷೇಧ ಹಾಕಿತ್ತು.

ಪಿಟೀಲಿನ ಕಥೆ ಬೇರೆ. ಅದೂ ಯುರೋಪಿನದೇ. ಬಾಲುಸ್ವಾಮಿ ದೀಕ್ಷಿತರ ಕಾಲದಲ್ಲಿ ಕರ್ನಾಟಕ ಸಂಗೀತಕ್ಕೆ ಬಂತು. ಆದರೆ ನಮ್ಮವರು ಅದನ್ನು ಕೆಳಗೆ ಕುಳಿತು, ತುದಿಯನ್ನು ಪಾದದ ಮೇಲಿಟ್ಟು ನುಡಿಸಿದರು. ತಂತಿಗಳನ್ನು ಷಡ್ಜ–ಪಂಚಮಗಳಿಗೆ ಶ್ರುತಿ ಮಾಡಿಕೊಂಡರು. ಮೆಟ್ಟಿಲ್ಲದ ವಾದ್ಯವಾದ್ದರಿಂದ ಗಮಕ ಸುಲಭವಾಗಿ ಬಂತು. ತಿರುಮಕೂಡಲು ನರಸೀಪುರದ ಟಿ. ಚೌಡಯ್ಯನವರು (1895–1967) ಇನ್ನೂ ಮುಂದೆ ಹೋಗಿ, ದೊಡ್ಡ ಸಭೆಗೂ ನಾದ ಮುಟ್ಟಲೆಂದು ಏಳು ತಂತಿಯ ಪಿಟೀಲು ರೂಪಿಸಿದರು.

ಸ್ವರಲಿಪಿಯ ವಿಷಯದಲ್ಲೂ ಹೀಗೆಯೇ. ಚಿನ್ನಸ್ವಾಮಿ ಮೊದಲಿಯಾರರು 1893ರಲ್ಲಿ ನಮ್ಮ ಕೃತಿಗಳನ್ನು ಯುರೋಪಿನ ಐದು ಗೆರೆಯ ಲಿಪಿಯಲ್ಲಿ ಬರೆದು ಪ್ರಕಟಿಸಲು ತೊಡಗಿದರು. ಅವರ ಪ್ರೇರಣೆಯಿಂದ ಸುಬ್ಬರಾಮ ದೀಕ್ಷಿತರು 1904ರಲ್ಲಿ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ ಹೊರತಂದಾಗ ನಮ್ಮ ಸರಿಗಮ ಅಕ್ಷರಗಳನ್ನೇ ಉಳಿಸಿಕೊಂಡು, ಗಮಕಗಳಿಗೆ ಬೇರೆ ಬೇರೆ ಗುರುತುಗಳನ್ನು ಇಟ್ಟರು. ಬರೆದಿಡುವ ಯೋಚನೆ ಹೊಸದು, ಗುರುತು ನಮ್ಮ ಅಗತ್ಯಕ್ಕೆ ತಕ್ಕದ್ದು.

ಇರಾನಿನಲ್ಲೂ ಇದಕ್ಕೆ ಜೋಡಿ ಇದೆ. ಅಲ್ಲಿನ ಸಂಗೀತದಲ್ಲಿ ಯುರೋಪಿನ ಅರ್ಧಸ್ವರಗಳ ನಡುವೆ ಬೀಳುವ ಸ್ವರಗಳಿವೆ. ಫ್ರಾನ್ಸ್, ಜರ್ಮನಿಗಳಲ್ಲಿ ಕಲಿತು ಬಂದ ಅಲಿ ನಕಿ ವಜೀರಿ 1920ರ ದಶಕದಲ್ಲಿ ತೆಹ್ರಾನಿನಲ್ಲಿ ಸಂಗೀತ ಶಾಲೆ ತೆರೆದಾಗ ಐದು ಗೆರೆಯ ಲಿಪಿಗೆ ‘ಸೋರಿ’, ‘ಕೊರೋನ್’ ಎಂಬ ಎರಡು ಹೊಸ ಗುರುತುಗಳನ್ನು ಸೇರಿಸಿದರು. ಆದರೆ ಸಪ್ತಕವನ್ನು 24 ಸಮಭಾಗ ಮಾಡುವ ಅವರ ಲೆಕ್ಕವನ್ನು ನಂತರದ ವಿದ್ವಾಂಸರು ಒಪ್ಪಲಿಲ್ಲ. ಹಾಡುವವರ ಸ್ವರ ಅಷ್ಟು ಸಮನಾಗಿ ಬೀಳುವುದಿಲ್ಲ ಎಂಬುದು ಅವರ ವಾದ. ಮುರ್ತಜಾ ಮಹಜೂಬಿ ಎಂಬ ವಾದಕರು ಪಿಯಾನೋವನ್ನೇ ಪರ್ಷಿಯನ್ ಸ್ವರಗಳಿಗೆ ಶ್ರುತಿ ಮಾಡಿಕೊಂಡು ನುಡಿಸಿದರು.

ಎರಡೂ ವಿದ್ಯೆ ಕಲಿತವರ ಉದಾಹರಣೆಗೆ ಜಯಚಾಮರಾಜ ಒಡೆಯರಿದ್ದಾರೆ. ಅವರು ಪಿಯಾನೋ ಕಲಿತು ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪಡೆದವರು. 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು. ಅವರೇ ಮುಂದೆ ಕರ್ನಾಟಕ ಸಂಗೀತದಲ್ಲಿ 94 ಕೃತಿಗಳನ್ನು ರಚಿಸಿದರು. ವೆಂಕಟಪ್ಪನವರೂ ಇಲ್ಲಿ ಮತ್ತೆ ಬರುತ್ತಾರೆ. ಕಲ್ಕತ್ತೆಯಿಂದ ಮರಳಿದ ಅವರು ಊಟಿ, ಕೊಡೈಕನಾಲ್‌ಗಳ ಮಂಜು ಬೆಟ್ಟಗಳನ್ನು ಜಲವರ್ಣದಲ್ಲಿ ಬರೆದರು. ವೀಣೆ ಶೇಷಣ್ಣನವರ ಬಳಿ ವೀಣೆಯನ್ನೂ ಕಲಿತರು.

ಮೂರನೆಯ ಅವಧಿ: ಮೆಟ್ಟುಗಳ ನಡುವೆ

ಈ ಅವಧಿಗೆ ಊರಿನ ಭಜನೆ ಮಂಡಳಿಯವರು ಹಾರ್ಮೋನಿಯಂ ಕೊಟ್ಟರು. ಭಜನೆಯಲ್ಲಿ ಹಾಡುವ ಹುಡುಗನೊಬ್ಬ ಮನೆಯಲ್ಲಿ ಅಜ್ಜಿ ಹಾಡುವ ಒಂದು ತೆಲುಗು ಜೋಗುಳದ ಮೊದಲ ಸಾಲು ಹಾಡಿದ. ಮಿಕ್ಕವರು ಕಣ್ಣು ಮುಚ್ಚಿ ಕೇಳುತ್ತ, ದನಿ ಹೋದ ದಾರಿಯನ್ನು ಹಾಳೆಯ ಮೇಲೆ ಪೆನ್ಸಿಲ್ ಎತ್ತದೆ ಗೆರೆಯಾಗಿ ಎಳೆದರು. ಗೆರೆ ಬಳ್ಳಿಯಂತೆ ಬಂತು. ಅದೇ ಸಾಲನ್ನು ಹಾರ್ಮೋನಿಯಂನಲ್ಲಿ ನುಡಿಸಿದಾಗ ಹೆಚ್ಚಿನವರ ಗೆರೆ ಮೆಟ್ಟಿಲಿನಂತೆ ಬಂತು.

“ಯಾವುದು ಸರಿ?” ಎಂದು ಬೇಕೆಂದೇ ಕೇಳಿದೆ. ಕಳೆದ ಅವಧಿಯ ಪಾಠ ಕೆಲಸ ಮಾಡಿತ್ತು. “ಯಾವ ನಿಯಮ ಅಂತ ಹೇಳಿ ಸಾರ್ ಮೊದಲು” ಎಂಬ ಉತ್ತರ ಹಿಂದಿನ ಬೆಂಚಿನಿಂದ ಬಂತು.

ಹಾರ್ಮೋನಿಯಂ ಬೇಡವೇ ಎಂಬ ಪ್ರಶ್ನೆಗೆ ಹಾಡಿದ ಹುಡುಗನೇ ಉತ್ತರ ಕೊಟ್ಟ. ಅದು ಇಲ್ಲದಿದ್ದರೆ ಭಜನೆಯಲ್ಲಿ ಇಪ್ಪತ್ತು ಜನ ಒಂದೇ ಶ್ರುತಿಯಲ್ಲಿ ಹಾಡುವುದು ಕಷ್ಟ ಎಂದ. ಪಾಶ್ಚಾತ್ಯ ವಾದ್ಯ ನಮಗೆ ಏನು ಕೊಟ್ಟಿತು ಎಂಬ ಪ್ರಶ್ನೆಗೆ ಇಷ್ಟು ನೇರವಾದ ಉತ್ತರ ನನ್ನ ಟಿಪ್ಪಣಿಯಲ್ಲಿ ಇರಲಿಲ್ಲ. ನಂತರ ಪಿಟೀಲು, ಚೌಡಯ್ಯ, ವಜೀರಿ, ಮಹಜೂಬಿಯವರ ಉದಾಹರಣೆಗಳನ್ನು ಹೇಳಿ, ಹೊರಗಿನಿಂದ ಬಂದ ಸಾಧನವನ್ನು ತಮ್ಮ ಶ್ರುತಿಗೆ ಹೊಂದಿಸಿಕೊಂಡವರು ಇವರು ಎಂದು ವಿಸ್ತರಣೆ ಹಂತವನ್ನು ಮುಗಿಸಿದೆ.

ಮೌಲ್ಯಮಾಪನ

ಚಿತ್ರಕ್ಕೆ ಅಂಕ ಕೊಡಲು ಮೂರು ಅಂಶಗಳ ಮಾನದಂಡ ಮಾಡಿಕೊಂಡು, ಬರೆಯುವ ಮೊದಲೇ ಮಕ್ಕಳಿಗೆ ಓದಿ ಹೇಳಿದೆ: ಯಾವ ನಿಯಮ ಆರಿಸಿಕೊಂಡೆ ಎಂದು ಹೇಳಬಲ್ಲರೇ, ಚಿತ್ರದ ತುಂಬ ಆ ನಿಯಮವನ್ನು ಪಾಲಿಸಿದ್ದಾರೆಯೇ, ಮುರಿದಿದ್ದರೆ ಕಾರಣ ಕೊಡಬಲ್ಲರೇ. ಲಿಖಿತ ಪ್ರಶ್ನೆಗಳು ಹೀಗಿದ್ದವು:

1. ಬ್ರಿಟಿಷ್ ಕಲಾಶಾಲೆಗಳು ವಸ್ತುಚಿತ್ರವನ್ನು ಪಾಠಕ್ರಮದಲ್ಲಿ ಏಕೆ ಇಟ್ಟವು?
2. ನಿಮ್ಮ ಮನೆಯ ಒಂದು ದೇವರ ಪಟದಲ್ಲಿ ಹಳೆಯ ಪದ್ಧತಿಯ ಒಂದು ಲಕ್ಷಣ, ಪಾಶ್ಚಾತ್ಯ ಪದ್ಧತಿಯ ಒಂದು ಲಕ್ಷಣ ಗುರುತಿಸಿ.
3. ಹಾರ್ಮೋನಿಯಂಗೂ ಪಿಟೀಲಿಗೂ ಇರುವ ಮುಖ್ಯ ವ್ಯತ್ಯಾಸವೇನು? ನಮ್ಮ ಸಂಗೀತಕ್ಕೆ ಅದರಿಂದ ಏನಾಯಿತು?
4. ಮೈಸೂರು ಮತ್ತು ತೆಹ್ರಾನಿನ ಅನುಭವಗಳಲ್ಲಿ ಒಂದು ಸಾಮ್ಯ ಬರೆಯಿರಿ.

ಎರಡನೆಯ ಪ್ರಶ್ನೆಗೆ ಉತ್ತರಗಳು ಬಹಳ ಚೆನ್ನಾಗಿ ಬಂದವು. ನಾಲ್ಕನೆಯದು ಕಷ್ಟವಾಯಿತು. ತೆಹ್ರಾನಿನ ಭಾಗಕ್ಕೆ ನಾನು ಕೊಟ್ಟ ಸಮಯ ಕಡಿಮೆ, ಹೆಸರುಗಳು ಹೆಚ್ಚು. ಮತ್ತೆ ಈ ಪಾಠ ಮಾಡುವುದಾದರೆ ಕಮಾಲುಲ್ ಮುಲ್ಕ್ ಒಬ್ಬರನ್ನೇ ಇಟ್ಟುಕೊಂಡು, ನಕಾಶೆಯಲ್ಲಿ ಇರಾನನ್ನು ತೋರಿಸಿ, ಸಿರಾದಿಂದ ಪ್ರಾರಂಭಿಸುತ್ತೇನೆ.

ಪುನರವಲೋಕನ

ಪಾಠ ಮುಗಿದ ಮೇಲೆ ಆ ಹುಡುಗಿ ಬಂದು ಕೇಳಿದಳು: “ಹಂಗಾದ್ರೆ ಡ್ರಾಯಿಂಗ್ ಪರೀಕ್ಷೆಯಲ್ಲಿ ಯಾವ ಥರ ಬರೀಬೇಕು ಸಾರ್?”

ಎರಡೂ ಸರಿ ಎಂದು ಹೇಳುವುದು ಸುಲಭವಿತ್ತು. ಆದರೆ ಹಾಗೆ ಹೇಳಿದ್ದರೆ ಅವಳು ಪರೀಕ್ಷೆಯಲ್ಲಿ ಅಂಕ ಕಳೆದುಕೊಳ್ಳುತ್ತಿದ್ದಳು. “ವಸ್ತುಚಿತ್ರ ಕೇಳಿದಾಗ ಕಣ್ಣಿಗೆ ಕಂಡಂತೆ ಬರಿ. ಅದು ಆ ಪ್ರಶ್ನೆಯ ನಿಯಮ. ಚೆನ್ನಾಗಿ ಅಭ್ಯಾಸ ಮಾಡು, ನಾನು ಹೇಳಿಕೊಡ್ತೀನಿ. ಮನೆಯಲ್ಲಿ ಬರೆಯೋವಾಗ ಆ ನಿಯಮ ನಿನ್ನ ಇಷ್ಟ” ಎಂದೆ. ಉಳಿದ ದಿನಗಳಲ್ಲಿ ಅವಳಿಗೂ ಇನ್ನಿಬ್ಬರಿಗೂ ಊಟದ ಬಿಡುವಿನಲ್ಲಿ ಚೊಂಬು, ಡಬ್ಬಿ, ಪುಸ್ತಕಗಳನ್ನಿಟ್ಟು ಯಥಾದರ್ಶನ ಕಲಿಸಿದೆ. ಅವಳು ಬೇಗ ಕಲಿತಳು. ಹುಣಸೆಮರದ ಚಿತ್ರವನ್ನು ಮತ್ತೆ ಬರೆಯಲು ಒಮ್ಮೆ ಕೇಳಿದೆ. ನಕ್ಕು ಸುಮ್ಮನಾದಳು. ನಾನೂ ಒತ್ತಾಯಿಸಲಿಲ್ಲ.

ಈ ಪಾಠದಿಂದ ನಾನು ಕಲಿತದ್ದನ್ನು ಸಹಪ್ರಶಿಕ್ಷಣಾರ್ಥಿಗಳಿಗಾಗಿ ಹೀಗೆ ಹೇಳಬಹುದು. ‘ಪ್ರಗತಿ’, ‘ಸುಧಾರಣೆ’, ‘ಹಿಂದುಳಿದ’ ಎಂಬಂಥ ಪದಗಳು ನಮ್ಮ ಉದ್ದೇಶಗಳಲ್ಲಿ ಬಂದಾಗ ಯಾವ ಅಳತೆಯಿಂದ ಎಂದು ಕೇಳಿಕೊಳ್ಳಬೇಕು. ಅಳತೆಯನ್ನು ಅಂಕ ಹಾಕುವ ಮೊದಲೇ ಮಕ್ಕಳಿಗೆ ತಿಳಿಸಬೇಕು. ಮಗುವಿನ ಕೆಲಸ ನಮ್ಮ ನಿರೀಕ್ಷೆಗೆ ಹೊಂದದಿದ್ದರೆ ಪೆನ್ನು ಎತ್ತುವ ಮುಂಚೆ “ಹೀಗ್ಯಾಕೆ ಬರೆದೆ?” ಎಂದು ಕೇಳಲು ಅರ್ಧ ನಿಮಿಷ ಸಾಕು. ಆ ಅರ್ಧ ನಿಮಿಷ ನಾನು ಉಳಿಸಿಕೊಂಡೆ, ಒಂದು ಒಳ್ಳೆಯ ಚಿತ್ರ ಹೋಯಿತು. ಕೊನೆಯದಾಗಿ, ಕೆಂಪು ಗುರುತನ್ನು ಪೆನ್ಸಿಲ್ಲಿನಲ್ಲಿ ಹಾಕುವುದು ಒಳ್ಳೆಯದು. ಅಳಿಸುವ ಅವಕಾಶ ನಮಗೂ ಇರಲಿ.